ಕೋವಿ ಸೇಫಿನ ಬೋಲ್ಟಿಗೆ ಯಾವ ಟೋಪಿ?

ಸೇಫಿನ ಒಳಗೆ ಎದ್ದು ನಿಂತ ಬೋಲ್ಟಿನ ತುದಿ ಕೋವಿಗೆ ಗೀರದ ಹಾಗೆ ಮಾಡಲು ನಾಲ್ಕು ದಾರಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ಅರ್ಧ ಇಂಚಿನ ಪಿವಿಸಿ ಎಂಡ್ ಕ್ಯಾಪ್. ತೋಟದ ಪೈಪಿನ ಬಾಯಿ ಮುಚ್ಚಲು ಹಾಕುತ್ತೇವಲ್ಲ, ಅದೇ. ಉಳಿದ ಮೂರನ್ನೂ ಮಾಡಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ಶಿರಸಿ ಕಡೆ ಅಡಿಕೆ ತೋಟ ಇದ್ದವರ ಮನೆಯಲ್ಲಿ ಬೆಳೆ ರಕ್ಷಣೆಗೆ ಲೈಸೆನ್ಸಿನ ಕೋವಿ ಇರುವುದು ಹೊಸದೇನಲ್ಲ. ನಮ್ಮಲ್ಲೂ ಅಜ್ಜನ ಕಾಲದ ಜೋಡು ನಳಿಗೆಯದು ಒಂದಿದೆ. 2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆಯ ನೀತಿ ಸಂಹಿತೆ ಬಂತು. ಈಚೆ ಮಾರಿಕಾಂಬಾ ಜಾತ್ರೆಯ ಗಡಿಬಿಡಿ, ಆಚೆ ಚುನಾವಣೆ ಮುಗಿಯುವ ತನಕ ಕೋವಿ ಠಾಣೆಗೆ ಒಪ್ಪಿಸುವ ಗಡಿಬಿಡಿ. ಕೋವಿ ಇಲ್ಲದ ಆ ಎರಡೂವರೆ ತಿಂಗಳಲ್ಲೇ ಹೊಸ ಸೇಫ್ ತಂದು ಕೂರಿಸಿದೆವು. ತಪ್ಪಾಗಿದ್ದೇ ಅಲ್ಲಿ. ಒಳಗೆ ಇಡುವ ವಸ್ತುವೇ ಎದುರಿಗೆ ಇರಲಿಲ್ಲ.

ಗೋಡೆ ಚಿರೆಕಲ್ಲಿನದು, ಬೋಲ್ಟು ಅಷ್ಟು ಗಟ್ಟಿ ಹಿಡಿಯುವುದಿಲ್ಲ ಅಂತ ಕೂರಿಸಲು ಬಂದವನು ನೆಲದ ಕಾಂಕ್ರೀಟಿಗೆ ನಾಲ್ಕು ಆಂಕರ್ ಬೋಲ್ಟು ಹೊಡೆದ. ಅದು ಸರಿಯೇ. ನಟ್ಟು ಒಳಗಡೆ ಬರಬೇಕು, ಅದೂ ಸರಿ. ಹೊರಗಿದ್ದರೆ ಕಳ್ಳ ಬಿಚ್ಚುತ್ತಾನೆ. ಆದರೆ ಬೋಲ್ಟಿನ ತುದಿ ತಳದಿಂದ ಒಂದಿಂಚಿಗೂ ಮೇಲೆ ಎದ್ದು ನಿಂತಿತ್ತು. ಜೂನಿನಲ್ಲಿ ಕೋವಿ ವಾಪಸ್ ಬಂತು, ಒಳಗೆ ನಿಲ್ಲಿಸಿದ ಅಪ್ಪಯ್ಯ ಕೂಗಿದ, "ತಮಾ, ಇದು ಸರಿ ಕೂರ್ತಿಲ್ಲೆ ನೋಡು." ನೋಡಿದರೆ ಅಜ್ಜ ಎಣ್ಣೆ ತಿಕ್ಕಿ ತಿಕ್ಕಿ ಹೊಳೆಸಿದ್ದ ಕೋವಿಯ ಮರದ ಹಿಡಿಯ ಮೇಲೆ ಬೋಲ್ಟಿನ ಮರೆಯ, ಅಂದರೆ ತಿರುಪಿನ ಸುತ್ತಿನ, ಗೀರು. ಅಂಗಡಿಯವನಿಗೆ ಫೋನ್ ಮಾಡಿದೆ. "ಎಲ್ಲರ ಮನೆಯಲ್ಲೂ ಹಾಗೇ ಇರ್ತದೆ" ಅಂದ.

ಇರುವುದು ನಾಲ್ಕು ಬೋಲ್ಟು. ಒಂದೊಂದಕ್ಕೆ ಒಂದೊಂದು ಮದ್ದು ಮಾಡಿ ನೋಡೋಣ ಅಂದುಕೊಂಡೆ.

ಮೊದಲನೆಯದನ್ನು ಗ್ರೈಂಡರಿನಲ್ಲಿ ಕತ್ತರಿಸಿದೆವು. ಎರಡು ನಿಮಿಷದ ಕೆಲಸ. ಆದರೆ ಕಿಡಿ ಹಾರಿ ಒಳಗಿನ ಬಟ್ಟೆ ಎರಡು ಕಡೆ ಸುಟ್ಟಿತು. ಕತ್ತರಿಸಿದ ಜಾಗದಲ್ಲಿ ಸತುವಿನ ಲೇಪ ಹೋಗಿತ್ತು, ಆಷಾಢ ಮುಗಿಯುವ ಮೊದಲೇ ಕೆಂಪು ತುಕ್ಕು. ನಮ್ಮ ಮಳೆಗಾಲಕ್ಕೆ ಇದು ಆಗುವ ಮಾತಲ್ಲ.

ಎರಡನೆಯದಕ್ಕೆ ಕುರ್ಚಿ ಕಾಲಿನ ರಬ್ಬರ್ ಬುಷ್. ಅಗ್ಗ, ಮೆತ್ತಗೆ. ಆದರೆ ಕೋವಿಗೆ ಹಚ್ಚಿದ ಎಣ್ಣೆ ಕೆಳಗಿಳಿದು ರಬ್ಬರಿಗೆ ತಾಗಿ ಅದು ಉಬ್ಬಿತು, ಆಮೇಲೆ ಅಂಟಂಟಾಯಿತು. ತೆಗೆದು ಬಿಸಾಡಿದೆ.

ಇನ್ನು ಡೋಮ್ ನಟ್. ತಲೆ ಗುಂಡಗೆ, ಸ್ಟೀಲಿನದು, ಫಳಫಳ. ನೋಡಲು ಇದರಷ್ಟು ಚಂದ ಬೇರೆ ಯಾವುದೂ ಇಲ್ಲ. ನನಗೆ ಟೋಪಿ ಹಾಕಿದ್ದೂ ಇದೇ. ಬೋಲ್ಟು ಎಂ10, ಅಂದರೆ 10 ಮಿಲಿಮೀಟರ್ ದಪ್ಪದ್ದು. ಊರಿನ ಅಂಗಡಿಗಳಲ್ಲಿ ಗೇಟಿಗೆ ಹಾಕುವ ಸಣ್ಣದೇ ಸಿಕ್ಕಿತು, ಹುಬ್ಬಳ್ಳಿಗೆ ಹೋದಾಗ ಹುಡುಕಿ ತಂದೆ. ಮಾಮೂಲಿ ನಟ್ಟು ಬಿಚ್ಚಿ, ಇದನ್ನು ತಿರುಗಿಸಿ, 17 ಮಿಲಿಮೀಟರಿನ ಪಾನಾ ಹಾಕಿ ಬಿಗಿದೆ. ಟಕ್ ಅಂತ ಗಟ್ಟಿಯಾಯಿತು. ಮುಗಿಯಿತು ಅಂದುಕೊಂಡೆ.

ಎರಡು ದಿನ ಬಿಟ್ಟು ಧೂಳು ಒರೆಸುವಾಗ ಅಡಿಯ ವಾಷರ್ ಬೆರಳಿಗೇ ಗಿರ್ರನೆ ತಿರುಗಿತು. ತಲೆ ಕೆಟ್ಟುಹೋಯಿತು. ಪಾನಾ ಹಾಕಿದರೆ ನಟ್ಟು ಬಿಗಿ, ಕೆಳಗೆ ನೋಡಿದರೆ ಸಡಿಲ! ಹೇಗೆ ಸಾಧ್ಯ?

ವಿಷಯ ಇಷ್ಟೇ. ಡೋಮ್ ನಟ್ಟಿನ ತಲೆ ಮುಚ್ಚಿದೆ, ಒಳಗಿನ ಆಳ 13 ಮಿಲಿಮೀಟರ್ ಆಸುಪಾಸು. ನಮ್ಮ ಬೋಲ್ಟು ಎದ್ದಿದ್ದು 28 ಮಿಲಿಮೀಟರ್. ನಟ್ಟಿನ ತಲೆ ಬೋಲ್ಟಿನ ತುದಿಗೆ ಬಡಿದು ನಿಂತಿದೆ ಅಷ್ಟೆ, ಸೇಫಿನ ತಳವನ್ನು ಒತ್ತಿಯೇ ಇಲ್ಲ. ಅಂದರೆ ಆ ಮೂಲೆಯಲ್ಲಿ ಸೇಫನ್ನು ನೆಲಕ್ಕೆ ಹಿಡಿದದ್ದು ಏನೂ ಇಲ್ಲ. ನಾಲ್ಕಕ್ಕೂ ಹೀಗೇ ಮಾಡಿದ್ದರೆ ಕಳ್ಳನಿಗೆ ಸಲೀಸು.

ಮಾಮೂಲಿ ನಟ್ಟು ಬಿಗಿದು ಅದರ ಮೇಲೆ ಡೋಮ್ ಕೂರಿಸಿ ನೋಡಿದೆ. ನಡುವೆ ಅರ್ಧ ಸೆಂಟಿಮೀಟರ್ ಮರೆ ಕಾಣುತ್ತದೆ, ಕುತ್ತಿಗೆ ಉದ್ದದ ಅಣಬೆಯ ಹಾಗೆ. ಕೊನೆಗೆ ಡೋಮ್ ಒಂದನ್ನೇ ಇಟ್ಟು ಅಡಿಗೆ ವಾಷರ್ ಪೇರಿಸುತ್ತಾ ಹೋದೆ. ಎಂಟು ವಾಷರ್ ಹಿಡಿಯಿತು! ಬಿಗಿಯೇನೋ ಆಯಿತು, ಖರ್ಚು ಮಾತ್ರ ಕೇಳಬೇಡಿ. ನೀವು ಡೋಮ್ ನಟ್ಟೇ ಹಾಕುವುದಾದರೆ ಮೊದಲು ಸ್ಕೇಲ್ ಹಿಡಿದು ಬೋಲ್ಟಿನ ಎತ್ತರ ಅಳೆಯಿರಿ. ಬಿಗಿದ ಮೇಲೆ ಅಡಿಯ ವಾಷರ್ ತಿರುಗುತ್ತದಾ ನೋಡಿ.

ಪಿವಿಸಿ ಕ್ಯಾಪಿಗೆ ಈ ರಗಳೆ ಯಾವುದೂ ಇಲ್ಲ. ನಟ್ಟು ಬಿಚ್ಚುವುದೇ ಬೇಡ. 17ರ ನಟ್ಟು ಮೂಲೆಯಿಂದ ಮೂಲೆಗೆ ಸುಮಾರು 20 ಮಿಲಿಮೀಟರ್, ಅರ್ಧ ಇಂಚಿನ ಕ್ಯಾಪಿನ ಒಳಗಲ ಅದಕ್ಕಿಂತ ಒಂದು ಕೂದಲು ಜಾಸ್ತಿ. ನಟ್ಟಿಗೆ ಇನ್ಸುಲೇಶನ್ ಟೇಪು ಎರಡು ಸುತ್ತು ಸುತ್ತಿ ಕ್ಯಾಪ್ ಒತ್ತಿದರೆ ಕಚ್ಚಿ ಕೂರುತ್ತದೆ. ಅಂಟು ಹಾಕಬೇಡಿ. ವರ್ಷಕ್ಕೊಮ್ಮೆ ಕಿತ್ತು ತುಕ್ಕು ನೋಡಬೇಕು, ನಟ್ಟು ಬಿಗಿಯಬೇಕು. ಕ್ಯಾಪು ತಳಕ್ಕೆ ಪೂರ್ತಿ ಮುಟ್ಟುವುದಿಲ್ಲ, ನಾಲ್ಕೈದು ಮಿಲಿಮೀಟರ್ ಮೇಲೆ ನಿಲ್ಲುತ್ತದೆ. ಅದಕ್ಕೆ ಮಗಳ ಹಳೇ ಯೋಗ ಮ್ಯಾಟಿನ ತುಂಡಿಗೆ ತೂತು ಮಾಡಿ ಹಾಸಿದೆ, ಸಂದು ಮುಚ್ಚಿತು. ಮರಕ್ಕೂ ಮೆತ್ತಗಾಯಿತು.

ಬಡಗಿ ಕೆಳಗೆ ಗುಳಿ ತೋಡಿದ ಹಲಸಿನ ಹಲಗೆ ಹಾಕಿಕೊಡುತ್ತೇನೆ ಅಂದಿದ್ದ. ಹಲಗೆಯಡಿ ಬೂಷ್ಟು ಬಂದರೆ ಗೊತ್ತೇ ಆಗುವುದಿಲ್ಲ, ಬೇಡ ಅಂದೆ.

ಕ್ಯಾಪಿನ ಖರ್ಚು ಐವತ್ತು ರೂಪಾಯಿಯೂ ಮುಟ್ಟಲಿಲ್ಲ. ಒಂದು ತೋಟದ ಮನೆಯ ಡಬ್ಬದಲ್ಲೇ ಇತ್ತು. ಈಗ ಮೂರು ಮೂಲೆಯಲ್ಲಿ ಪಿವಿಸಿ ಇದೆ, ಕತ್ತರಿಸಿದ ಬೋಲ್ಟಿಗೂ ಗ್ರೀಸ್ ಬಳಿದು ಅದನ್ನೇ ಹಾಕಿದೆ. ನಾಲ್ಕನೇ ಮೂಲೆಯಲ್ಲಿ ಎಂಟು ವಾಷರಿನ ಮೇಲೆ ಡೋಮ್ ನಟ್ ಹಾಗೇ ಹೊಳೆಯುತ್ತಿದೆ. ತೆಗೆಯಲು ಹೋದರೆ ಅಪ್ಪಯ್ಯ ಬಿಡುತ್ತಿಲ್ಲ, ಅದೊಂದೇ ನೋಡಲು ಚಂದ ಇದೆಯಂತೆ.