ತಳ್ಳುವ ಗುರುತ್ವ: ಚಿತ್ರಗಳಿಗೆ ನಾಲ್ಕು ನಕ್ಷತ್ರ, ಲೆಕ್ಕಕ್ಕೆ ಸೊನ್ನೆ

ಗುರುತ್ವ ಎಂದರೆ ಸೆಳೆತವಲ್ಲ, ತಳ್ಳುವಿಕೆ ಎಂದು ವಾದಿಸುವ, ಲೇಖಕರೇ ಹೊರತಂದಿರುವ ಇ-ಪುಸ್ತಕ ಇದು. ಹೆಸರು ಹೇಳುವುದಿಲ್ಲ, ಹವ್ಯಾಸಿಯೊಬ್ಬರ ಶ್ರಮವನ್ನು ಬೀದಿಗೆಳೆಯುವ ಆಸೆ ನನಗಿಲ್ಲ. ಆದರೆ ನ್ಯೂಟನ್, ಐನ್‌ಸ್ಟೈನ್ ಇಬ್ಬರನ್ನೂ ಮುನ್ನುಡಿಯಲ್ಲೇ ಮನೆಗೆ ಕಳುಹಿಸಿದವರು, ಭೌತಶಾಸ್ತ್ರದ ಮೇಷ್ಟ್ರ ಕೆಂಪು ಶಾಯಿಗೂ ಸಿದ್ಧರಿರಬೇಕು.

ವಾದ ಇಷ್ಟು. ಆಕಾಶದ ತುಂಬ ಸೂಕ್ಷ್ಮ ಕಣಗಳು ಎಲ್ಲ ದಿಕ್ಕಿಗೂ ಹಾರಾಡುತ್ತಿವೆ. ಕೆಳಗಿನಿಂದ ಬರುವವನ್ನು ಭೂಮಿ ಸ್ವಲ್ಪ ತಡೆಯುತ್ತದೆ, ಮೇಲಿನಿಂದ ಬರುವವು ನಮ್ಮನ್ನು ಒತ್ತುತ್ತವೆ. ಅದೇ ತೂಕ. ಎರಡು ಗೋಲಗಳು ಒಂದರ ಮೇಲೊಂದು ನೆರಳು ಚೆಲ್ಲುವುದನ್ನು ಪೆನ್ಸಿಲ್ ಗೀರುಗಳಲ್ಲಿ ತೋರಿಸಿರುವ ಚಿತ್ರ ಸೊಗಸಾಗಿದೆ. ದೂರ ಇಮ್ಮಡಿಯಾದರೆ ನೆರಳಿನ ಪ್ರಭಾವ ಕಾಲು ಭಾಗಕ್ಕೆ ಇಳಿಯುವುದು, ಅಂದರೆ ನ್ಯೂಟನ್ನರ ನಿಯಮ, ಒಂದೇ ನೋಟಕ್ಕೆ ತಿಳಿಯುತ್ತದೆ.

ಆದರೆ ಇದು ಹೊಸದಲ್ಲ. 1690ರಲ್ಲಿ ಸ್ವಿಸ್ ಗಣಿತಜ್ಞ ಫಾಷಿಯೋ, 18ನೆಯ ಶತಮಾನದಲ್ಲಿ ಜಿನೀವಾದ ಭೌತವಿಜ್ಞಾನಿ ಲೆಸಾಜ್ ಇದನ್ನೇ ಹೇಳಿದ್ದರು. ಇಬ್ಬರ ಹೆಸರೂ ಪುಸ್ತಕದಲ್ಲಿಲ್ಲ. ಕಣಗಳು ಬಡಿದು ನಿಂತರೆ ಅವುಗಳ ಶಕ್ತಿಯೆಲ್ಲ ಶಾಖವಾಗಬೇಕಲ್ಲ ಎಂದು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1875ರಲ್ಲೇ ಆಕ್ಷೇಪಿಸಿದ್ದರು. ಇನ್ನೊಂದು ತೊಡಕು: ಮಳೆಯಲ್ಲಿ ಓಡುವವನ ಎದೆಯೇ ಹೆಚ್ಚು ನೆನೆಯುವ ಹಾಗೆ, ಸೂರ್ಯನನ್ನು ಸುತ್ತುವ ಭೂಮಿಗೂ ಮುಂದಿನಿಂದ ಹೆಚ್ಚು ಹೊಡೆತ ಬೀಳಬೇಕು, ವೇಗ ಕುಗ್ಗಬೇಕು. ಕಣಗಳ ವೇಗ ಏರಿಸಿದರೆ ಈ ತಡೆ ತಗ್ಗುತ್ತದೆ, ಆದರೆ ಶಾಖ ಏರುತ್ತದೆ. ಈ ಇಕ್ಕಟ್ಟಿಗೆ ಲೇಖಕರ ಉತ್ತರ ಒಂದೇ ಸಾಲು: ಕಣಗಳು ತಾಗಿಯೂ ತಾಗದಂತೆ ದಾಟಿಹೋಗುತ್ತವೆ. ತಾಗದಿದ್ದರೆ ತಳ್ಳುವುದು ಯಾವುದು ಸ್ವಾಮಿ?

ನಿಜವಾದ ಅನಾಹುತ ಪರಮಾಣುವಿನ ಅಧ್ಯಾಯದಲ್ಲಿದೆ. ಹೈಡ್ರೋಜನ್‌ನ ಎಲೆಕ್ಟ್ರಾನನ್ನು ಪ್ರೋಟಾನಿನ ಬಳಿ ಹಿಡಿದಿಟ್ಟಿರುವುದೂ ಇದೇ ನೆರಳಂತೆ. ಹೈಸ್ಕೂಲು ಮಟ್ಟದ ಭಾಗಾಕಾರ ಸಾಕು: ಆ ಎರಡು ಕಣಗಳ ನಡುವಿನ ವಿದ್ಯುತ್ ಬಲ ಅವುಗಳ ಗುರುತ್ವ ಬಲದ ಸುಮಾರು 2ರ ಮುಂದೆ 39 ಸೊನ್ನೆಗಳಷ್ಟು ಪಟ್ಟು ದೊಡ್ಡದು. ಗ್ರಹಗಳಿಗೆ ಅಳತೆ ಮಾಡಿ ಹೊಲಿದ ನೆರಳು ಇಲ್ಲಿ ಯಾವ ಮೂಲೆಗೂ ಸಾಲದು. ಅದಕ್ಕಿಂತ ದೊಡ್ಡ ತೂತೆಂದರೆ, ನೆರಳು ಒಂದುಗೂಡಿಸಬಲ್ಲದೇ ಹೊರತು ದೂರ ತಳ್ಳಲಾರದು. ಎರಡು ಎಲೆಕ್ಟ್ರಾನುಗಳು ಪರಸ್ಪರ ವಿಕರ್ಷಿಸುತ್ತವೆ. ವಿಕರ್ಷಣೆ ಎಂಬ ಪದವೇ ಪುಸ್ತಕದಲ್ಲಿ ಸಿಗಲಿಲ್ಲ. ಪರಮಾಣು ಬೀಜದಲ್ಲಿ ಪ್ರೋಟಾನುಗಳ ವಿಕರ್ಷಣೆಯನ್ನು ಮಣಿಸುವ ಪ್ರಬಲ ಬಲ, ಮೀಟರಿನ ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ದೂರ ದಾಟಿದರೆ ಬೇಗನೆ ಬತ್ತಿಹೋಗುತ್ತದೆ. ಈ ಬಲವನ್ನು ಕಟ್ಟುಕಥೆ ಎನ್ನುವ ಲೇಖಕರು ಅದರ ಬದಲು ಇನ್ನೇನನ್ನಾದರೂ ಕೊಡಬೇಕಿತ್ತು.

ಲೇಖಕರ ಒಂದು ದೂರು ಮಾತ್ರ ನ್ಯಾಯವಾದದ್ದು: ಗುರುತ್ವ ಏಕೆ ಎಂದರೆ ಪಠ್ಯಪುಸ್ತಕಗಳು ಸೂತ್ರ ಕೊಟ್ಟು ಸುಮ್ಮನಾಗುತ್ತವೆ. ಕಾರಣವನ್ನು ಊಹಿಸಿ ಹೇಳಲಾರೆ ಎಂದು ನ್ಯೂಟನ್ನರೇ 1713ರಲ್ಲಿ ಬರೆದಿದ್ದರು. ದ್ರವ್ಯರಾಶಿ ತನ್ನ ಸುತ್ತಲಿನ ದೇಶಕಾಲವನ್ನೇ ಬಾಗಿಸುತ್ತದೆ ಎಂಬ ಐನ್‌ಸ್ಟೈನರ ವಾದವಾದರೋ, ಬುಧನ ಕಕ್ಷೆಯಲ್ಲಿ ನ್ಯೂಟನ್ನರ ಲೆಕ್ಕಕ್ಕೆ ಸಿಗದೆ ಉಳಿದಿದ್ದ, ಶತಮಾನಕ್ಕೆ 43 ಆರ್ಕ್‌ಸೆಕೆಂಡುಗಳ (ಒಂದು ಆರ್ಕ್‌ಸೆಕೆಂಡೆಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು) ಸರಿಯುವಿಕೆಯನ್ನು ವಿವರಿಸಿತು. ಬುಧನ ಬಗ್ಗೆ ನಮ್ಮ ಲೇಖಕರು ಮೌನಿ.

ಕೊಳ್ಳುವುದಾದರೆ ಮೊದಲ ಅಧ್ಯಾಯಕ್ಕಾಗಿ ಕೊಳ್ಳಿ. ತಪ್ಪು ಹುಡುಕಲು ಮಕ್ಕಳಿಗೆ ಕೊಡಲೂ ಒಳ್ಳೆಯದು. ಮೊಬೈಲಿನಲ್ಲಿ ಚಿತ್ರಗಳ ಅಂಚು ಕತ್ತರಿಸಿಹೋಗುತ್ತದೆ, ದೊಡ್ಡ ಪರದೆಯಲ್ಲೇ ತೆರೆಯಿರಿ.