ಅನಿಮಲ್ ಫಾರ್ಮ್: ಅಧ್ಯಾಯ ಹಿಡಿದು ಓದೋದಾ, ಪಾತ್ರ ಹಿಡಿದಾ?

ಇಂಗ್ಲೆಂಡಿನಲ್ಲಿ ಹದಿನಾರರ ಆಸುಪಾಸಿನ ಮಕ್ಕಳು ಬರೆಯುವ ಜಿಸಿಎಸ್‌ಇ ಸಾಹಿತ್ಯ ಪರೀಕ್ಷೆಗೆ ಪುಸ್ತಕ ಒಯ್ಯುವಂತಿಲ್ಲ. ಜಾರ್ಜ್ ಆರ್ವೆಲ್‌ನ 1945ರ, ಪ್ರಾಣಿಗಳ ಕಥೆಯಲ್ಲಿ ರಷ್ಯಾದ ಕ್ರಾಂತಿಯನ್ನು ಅಣಕಿಸುವ ಈ ಪುಟ್ಟ ಕಾದಂಬರಿ ತಲೆಯಲ್ಲೇ ಇರಬೇಕು.

ಹತ್ತು ಅಧ್ಯಾಯಗಳನ್ನು ಸಾಲಾಗಿ ಓದಿದರೆ ಕಥೆ ಗಟ್ಟಿಯಾಗುತ್ತದೆ. ಆದರೆ ಉತ್ತರದಲ್ಲಿ ಸುಮ್ನೆ ಕಥೆ ಹೇಳುತ್ತಾ ಹೋಗುವ ಅಪಾಯ ಜಾಸ್ತಿ.

ಪಾತ್ರ ಹಿಡಿದರೆ ವಾದ ತಾನಾಗಿ ಬರುತ್ತದೆ. ಆಳುವ ಹಂದಿಗಳ ಪರ ಮಾತಾಡುವ ಹಂದಿ ಸ್ಕ್ವೀಲರ್‌ನನ್ನೇ ನೋಡಿ. ಹಾಲು, ಸೇಬು ಹಂದಿಗಳಿಗೇ ಯಾಕೆ ಅಂದರೆ, ಪ್ರಾಣಿಗಳು ಓಡಿಸಿದ್ದ ಹಳೆಯ ಯಜಮಾನ ಜೋನ್ಸ್ ವಾಪಸ್ ಬಂದುಬಿಡುತ್ತಾನೆ ಎಂದು ಹೆದರಿಸುತ್ತಾನೆ. ಹಾಸಿಗೆಯಲ್ಲಿ ಮಲಗಬಾರದೆಂಬ ಕಟ್ಟಳೆಗೆ ಮುಂದೆ ‘ಬೆಡ್‌ಶೀಟ್ ಹಾಸಿಕೊಂಡು’ ಎಂಬ ಮಾತು ಸೇರಿಕೊಳ್ಳುತ್ತದೆ. ಸ್ಟಾಲಿನ್ ಕಾಲದ ಪ್ರಚಾರ ಇದೇ ಅಲ್ವಾ? ಚರಿತ್ರೆಯ ಸಂದರ್ಭವೂ ಅಲ್ಲೇ ಸಿಕ್ಕಿತು.

ಒಮ್ಮೆಯೂ ಪೂರ್ತಿ ಓದಿಲ್ಲವೇ? ಅಧ್ಯಾಯವೇ ಸರಿ. ಓದಿ ಆಗಿದ್ದರೆ ನನ್ನ ಮತ ಪಾತ್ರಗಳಿಗೆ. ಬಾಕ್ಸರ್ ಕುದುರೆಯಿಂದ ಶುರು ಮಾಡಿ.