ಮಳೆಗಾಲದಲ್ಲಿ ಆಗುಂಬೆಯ ಕಾಡಿನ ವಸತಿಗೆ ಹಣ ಕಟ್ಟುವ ಮುನ್ನ

ಜುಲೈ ಎರಡನೆಯ ವಾರ 72 ವರ್ಷದ ಅಪ್ಪನನ್ನು ಕರೆದುಕೊಂಡು ದಾವಣಗೆರೆಯಿಂದ ಆಗುಂಬೆ ಬಳಿಯ ಕಾಡಿನ ವಸತಿಯೊಂದಕ್ಕೆ ಹೋಗಿದ್ದೆ. ಮಲೆನಾಡಿನ ಮಳೆ ನೋಡಬೇಕೆಂಬುದು ಅಪ್ಪನ ಬಹುದಿನದ ಆಸೆ. ವರ್ಷಕ್ಕೆ 7000 ಮಿಲಿಮೀಟರ್‌ಗೂ ಹೆಚ್ಚು ಸುರಿಯುವ ಊರು ಅದು. ಮಳೆಯ ಮೇಲೆ ನನಗೆ ಸಿಟ್ಟಿಲ್ಲ. ಎರಡು ರಾತ್ರಿಯ ಹಣವನ್ನು ಪೂರ್ತಿ ಮುಂಗಡ ಪಡೆದವರು ಮುಚ್ಚಿಟ್ಟ ಸಂಗತಿಗಳ ಮೇಲೆ ಸಿಟ್ಟಿದೆ.

‘ಜೀಪು ಬಾಗಿಲಿಗೇ ಬರುತ್ತದೆ ಸಾರ್’ ಎಂದಿದ್ದರು. ಜೀಪು ಹಳ್ಳದ ದಂಡೆಯಲ್ಲೇ ನಿಂತಿತು. ಅಲ್ಲಿಂದ ಅಡಿಕೆ ಮರದ ಸಂಕ (ಕಾಲುಸೇತುವೆ) ದಾಟಿ ಅರ್ಧ ಗಂಟೆ ಏರು ಹತ್ತಬೇಕು. ಫೋಟೊದಲ್ಲಿದ್ದದ್ದು ಬೇಸಿಗೆಯ ಹಳ್ಳ, ಪಾದ ನೆನೆಯುವಷ್ಟು ನೀರು. ನಮ್ಮೆದುರಿಗೆ ಸಂಕದ ಗೇಣು ಕೆಳಗೆ ಕೆಂಪು ನೀರು ನುಗ್ಗುತ್ತಿತ್ತು. ಆಗಲೇ ಹಿಂದಿರುಗಬೇಕಿತ್ತು. ಕಟ್ಟಿದ ಹಣ ಕಣ್ಣಮುಂದೆ ಬಂತು, ಅಪ್ಪನ ಕೈ ಹಿಡಿದು ದಾಟಿಸಿದೆ.

ಸಂಜೆ ಅಪ್ಪನ ಕಾಲುಚೀಲ ಬಿಚ್ಚಿದರೆ ಬೆರಳ ಸಂದಿಯಲ್ಲಿ ಮೂರು ಇಂಬಳಗಳು (ಜಿಗಣೆಗಳು), ರಕ್ತ ಕುಡಿದು ದ್ರಾಕ್ಷಿಯಂತೆ ಉಬ್ಬಿದ್ದವು. ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿರುತ್ತದೆ. ಅಪ್ಪನಿಗೆ ಸ್ಟೆಂಟ್ ಹಾಕಿರುವುದರಿಂದ ನುಂಗುವ ಮಾತ್ರೆಯ ಕೆಲಸವೂ ಅದೇ. ಎರಡೂ ಸೇರಿ ರಕ್ತ ನಿಲ್ಲಲೇ ಇಲ್ಲ. ಕರೆಂಟ್ ಹೋಗಿತ್ತು, ಮೊಬೈಲ್‌ಗೆ ಸಿಗ್ನಲ್ ಇರಲಿಲ್ಲ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಬ್ಯಾಂಡೇಜ್ ಕೂಡ ಇರಲಿಲ್ಲ. ಅಡುಗೆಯಾಕೆ ತಮ್ಮ ಹಳೆಯ ಸೀರೆ ಹರಿದು ಕೊಟ್ಟರು. ಬೆಳಗಿನವರೆಗೆ ಗಾಯವನ್ನು ಅದುಮಿ ಹಿಡಿದು ಕುಳಿತೆ. ‘ನಾನೇ ಬರೋಣವೆಂದೆನಲ್ಲ’ ಎಂದು ಅಪ್ಪ ನೊಂದುಕೊಳ್ಳುತ್ತಿದ್ದರು.

ಬೆಳಗ್ಗೆ ನೀರು ಸಂಕದ ಮೇಲೆ ಹರಿಯುತ್ತಿತ್ತು. ಆ ನೀರು ಇಳಿಯುವ ಹೊತ್ತಿಗೆ ಸಂಜೆ ನಾಲ್ಕಾಯಿತು. ತೀರ್ಥಹಳ್ಳಿಯ ವೈದ್ಯರು ಬಿಗಿಯಾಗಿ ಕಟ್ಟು ಹಾಕಿ ಕಳುಹಿಸಿದರು. ಅಪ್ಪ ಈಗ ಆರಾಮವಾಗಿದ್ದಾರೆ. ಹಣ ವಾಪಸ್ ಕೇಳಿದ್ದಕ್ಕೆ ವಸತಿಯವರು ‘ಮಳೆಗೆ ನಾವೇನು ಮಾಡುವುದು’ ಎಂದರು.

ದಯವಿಟ್ಟು ಮುಂಗಡ ಕೊಡುವ ಮೊದಲು ಹಳ್ಳದ ಅಂದಿನ ವಿಡಿಯೊ ಕಳುಹಿಸಲು ಹೇಳಿ. ವಾಹನ ಎಲ್ಲಿ ನಿಲ್ಲುತ್ತದೆ, ಹಳ್ಳ ತುಂಬಿದರೆ ಬೇರೆ ದಾರಿ ಇದೆಯೇ ಎಂದು ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ವೈದ್ಯರನ್ನು ಕೇಳದೆ ಮಳೆಗಾಲದ ಕಾಡಿಗೆ ಕರೆದೊಯ್ಯಬೇಡಿ.

ಹೊರಡುವಾಗ ಅಡುಗೆಯಾಕೆ ಮೆಲ್ಲಗೆ ಹೇಳಿದರು: ‘ಆಷಾಢದಲ್ಲಿ ನಮ್ಮ ಮನೆಯ ಮಕ್ಕಳನ್ನು ನಾವು ಈ ಸಂಕ ದಾಟಿಸುವುದಿಲ್ಲ. ಬುಕಿಂಗ್ ನಿಲ್ಲಿಸಿ ಎಂದು ಪ್ರತಿ ವರ್ಷ ಹೇಳುತ್ತೇನೆ.’